ಅಕ್ಕಿ ಬಂತು, ಸೌದೆ ಎಲ್ಲಿ?

ದೂರದ ಯುದ್ಧದಿಂದ ಓಡಿಬಂದವರಿಗೆ ಸರ್ಕಾರ ನೆರವು ಕೊಟ್ಟಿತು ಅಂದರೆ ಊರ ಕಡೆ ಕಣ್ಣಮುಂದೆ ಬರುವುದು ವಿಮಾನ ಮತ್ತು ಅದರಿಂದ ಇಳಿಯುವ ಮೂಟೆ. ಈಗ ನಾನಿರುವ ಜರ್ಮನಿಯಲ್ಲಿ ನೆರವು ಅಂದರೆ ಖಾತೆಗೆ ಬೀಳುವ ದುಡ್ಡು, ಇಲ್ಲವೇ ಒಂದು ಕಾರ್ಡು. ಮೂಟೆ ಹಳೆಯ ಕಾಲದ್ದು, ಕಾರ್ಡು ಮುಂದುವರಿದವರದ್ದು ಅನ್ನುವ ಮಾತು ಇಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ನನಗೆ ಹಾಗೆ ಅನಿಸುವುದಿಲ್ಲ.

2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಮ್ಯಾನ್ಮಾರ್ ಬಿಟ್ಟು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೇರಿದರು. ಅವರಿಗೆ ನೆರವು ಕಳಿಸುವ ಭಾರತದ 'ಆಪರೇಷನ್ ಇನ್ಸಾನಿಯತ್' ಸೆಪ್ಟೆಂಬರ್‌ನಲ್ಲೇ ಶುರುವಾಯಿತು. ಅಕ್ಕಿ, ಬೇಳೆ, ಸಕ್ಕರೆ, ಉಪ್ಪು, ಅಡುಗೆ ಎಣ್ಣೆ, ಬಿಸ್ಕತ್ತು, ಸೊಳ್ಳೆಪರದೆ ಹೋದವು. ಮೊದಲ ವಾರಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಮೂಟೆ ಯಾರ ಹತ್ತಿರವೂ ಕಾಗದ ಕೇಳುವುದಿಲ್ಲ.

ಎಡವುವುದು ಆಮೇಲೆ. ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲರಿ ಎಂಬ ಅಂದಾಜಿನ ಮೇಲೆ ಪಡಿತರ ಕಟ್ಟುತ್ತಾರೆ: ಸುಮಾರು 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, ಜೊತೆಗೆ ಒಂದಿಷ್ಟು ಪೌಷ್ಟಿಕ ಹಿಟ್ಟು, ಸಕ್ಕರೆ, ಉಪ್ಪು. ಐದು ಜನರ ಮನೆಗೆ ತಿಂಗಳಿಗೆ 60 ಕಿಲೋ ಧಾನ್ಯವಾಯಿತು. ಆದರೆ ಹಸಿ ಬೇಳೆಯಲ್ಲಿ ಕ್ಯಾಲರಿ ಎಷ್ಟಿದ್ದರೇನು, ಬೇಯಬೇಕಲ್ಲ? ಕಾಕ್ಸ್ ಬಜಾರ್‌ನ ಕುಟುಪಾಲಾಂಗ್ ಶಿಬಿರದ ಸುತ್ತಲಿನ ಗುಡ್ಡಗಳು ಬೋಳಾದವು. ಮರ ಮುಗಿದ ಮೇಲೆ ಬೇರು ಅಗೆದರು. ಅದೂ ಸಿಗದಾಗ ಬಂದ ಪಡಿತರದಲ್ಲೇ ಒಂದು ಪಾಲು ಅಗ್ಗಕ್ಕೆ ಮಾರಿ ಸೌದೆ ಕೊಂಡರು. ಕೊಟ್ಟವರ ಲೆಕ್ಕದಲ್ಲಿ ಆ ಬೇಳೆ ಹೊಟ್ಟೆಗೆ ಹೋಗಿರುತ್ತದೆ.

ಭಾರತ 11 ಲಕ್ಷ ಲೀಟರ್ ಸೀಮೆಎಣ್ಣೆ, 20,000 ಒಲೆ ಕೊಟ್ಟಿದ್ದು 2018ರ ಸೆಪ್ಟೆಂಬರ್‌ನಲ್ಲಿ, ಒಂದು ವರ್ಷ ಕಳೆದ ಮೇಲೆ. ಕೇಳಲು ದೊಡ್ಡ ಸಂಖ್ಯೆ. ಭಾಗಿಸಿದರೆ ಒಲೆಗೆ 55 ಲೀಟರ್. ಒಲೆ ಒಂದು ಸಲದ ಖರ್ಚು, ಎಣ್ಣೆ ಹಾಗಲ್ಲ.

ಯುರೋಪಿನ ದಾರಿ ನೋಡಲು ಟರ್ಕಿಗೆ ಹೋಗಬೇಕು. ಸಿರಿಯಾದಿಂದ ಬಂದ ಬಹುಪಾಲು ಜನ ಅಲ್ಲಿ ಶಿಬಿರದಲ್ಲಲ್ಲ, ಬಾಡಿಗೆ ಮನೆಗಳಲ್ಲಿದ್ದರು. ಅಂಗಡಿಗಳಲ್ಲಿ ಸಾಮಾನಿಗೆ ಕೊರತೆಯಿರಲಿಲ್ಲ. ಹಾಗಿರುವಲ್ಲಿ ಅಕ್ಕಿ ಹೊತ್ತು ತರುವುದು ಮೂರ್ಖತನ. ಐರೋಪ್ಯ ಒಕ್ಕೂಟದ ದುಡ್ಡಿನಲ್ಲಿ 2016ರ ಕೊನೆಗೆ ಕಾರ್ಡು ಶುರುವಾಯಿತು. 2017ರಲ್ಲಿ ತಲೆಗೆ ತಿಂಗಳಿಗೆ 120 ಲಿರಾ. ಎಟಿಎಂನಲ್ಲಿ ತೆಗೆದು ಬಾಡಿಗೆಗೋ ಔಷಧಿಗೋ, ಬೇಕಾದ್ದಕ್ಕೆ ಬಳಸಬಹುದಿತ್ತು. ಸೌದೆಯ ಗೋಳು ಅಲ್ಲಿ ಹುಟ್ಟಲೇ ಇಲ್ಲ.

ಅಲ್ಲಿ ಕೈಕೊಟ್ಟಿದ್ದು ಕಾಗದ. ಮೊದಲು ವಿದೇಶಿಯರಿಗೆ ಕೊಡುವ, 99ರಿಂದ ಶುರುವಾಗುವ ಗುರುತಿನ ಸಂಖ್ಯೆ, ಆಮೇಲೆ ಜನಸಂಖ್ಯಾ ಕಚೇರಿಯಲ್ಲಿ ವಿಳಾಸದ ನೋಂದಣಿ, ಅದಾದ ಮೇಲೆ ಅರ್ಜಿ. ಮನೆಯೊಡೆಯ ಕರಾರುಪತ್ರ ಕೊಡದಿದ್ದರೆ ಎರಡನೇ ಮೆಟ್ಟಿಲಲ್ಲೇ ನಿಲ್ಲಬೇಕಿತ್ತು. ಅಂಗವೈಕಲ್ಯದ ಆಧಾರದ ಮೇಲೆ ಕೇಳುವವರು ಶೇ. 40 ಇದೆಯೆಂದು ಆಸ್ಪತ್ರೆಯ ವರದಿ ತರಬೇಕಿತ್ತು. ಮನೆಯಲ್ಲಿ ಒಬ್ಬರಿಗೆ ವಿಮೆಯಿರುವ ಅಧಿಕೃತ ಕೆಲಸ ಸಿಕ್ಕರೆ ಇಡೀ ಕುಟುಂಬದ ಕಾರ್ಡು ನಿಲ್ಲುತ್ತಿತ್ತು. ಹೀಗಾಗಿ ಎಷ್ಟೋ ಜನ ದಾಖಲೆಯಿಲ್ಲದ ಕೂಲಿಗೇ ಅಂಟಿಕೊಂಡರು. ಸಾಲದ್ದಕ್ಕೆ ಲಿರಾ ಕುಸಿಯಿತು. ಮೂಟೆಯ ಅಕ್ಕಿ ಹಣದುಬ್ಬರಕ್ಕೆ ಕರಗುವುದಿಲ್ಲ, ಕಾರ್ಡಿನ 120 ಕರಗುತ್ತದೆ.

ಕಾರ್ಡಿನ ಹಿರಿಮೆ ಬೇಕಾದ್ದಕ್ಕೆ ಬಳಸುವ ಸ್ವಾತಂತ್ರ್ಯ. ಜರ್ಮನಿ 2024ರಿಂದ ಅದನ್ನೇ ಮೊಟಕು ಮಾಡುತ್ತಿದೆ: ಆಶ್ರಯ ಕೋರಿದವರ ಹೊಸ ಕಾರ್ಡಿನಿಂದ ಬವೇರಿಯಾದಂಥ ರಾಜ್ಯಗಳಲ್ಲಿ ವಯಸ್ಕರು ತಿಂಗಳಿಗೆ ತೆಗೆಯಬಹುದಾದ ನಗದು 50 ಯೂರೋ. ಮಗುವಿಗೆ ಹಳೆಯ ಕೋಟು ಕೊಳ್ಳಲು ಸಂತೆಗೆ ಹೋದರೆ ಅಲ್ಲಿ ಕಾರ್ಡು ಉಜ್ಜುವ ಯಂತ್ರವಿರುವುದಿಲ್ಲ. ಕಾರ್ಡು ನಡೆಯುವ ದೊಡ್ಡ ಅಂಗಡಿಯಲ್ಲಿ ಹೊಸ ಕೋಟನ್ನೇ ಕೊಳ್ಳಬೇಕು, ಮೂರು ಪಟ್ಟು ಬೆಲೆ ತೆತ್ತು.