ನಾಲ್ಕನೇ ಸ್ಥಾನ ಬಂದರೆ ಮನೆಗೆ

ದಕ್ಷಿಣ ಕೊರಿಯಾದ ಬಿಲ್ಲುಗಾರ ಕಿಮ್ ವೂಜಿನ್ ಅಂದ ತಕ್ಷಣ ಎಲ್ಲರೂ ಪ್ಯಾರಿಸ್‌ನ ಆ ಕೊನೆಯ ಬಾಣದ ಬಗ್ಗೆಯೇ ಮಾತಾಡುತ್ತಾರೆ. ತಪ್ಪೇನಿಲ್ಲ, ಅದು ಹಾಗೇ ಇತ್ತು. 2024ರ ಆಗಸ್ಟ್ 4, ಒಲಿಂಪಿಕ್ಸ್ ಫೈನಲ್. ಎದುರಿಗೆ ಅಮೆರಿಕದ ಬ್ರೇಡಿ ಎಲಿಸನ್. ಐದನೇ ಸೆಟ್‌ನಲ್ಲಿ ಇಬ್ಬರೂ ಮೂರಕ್ಕೆ ಮೂರು ಬಾಣವೂ ಹತ್ತಕ್ಕೇ, ಅಂದರೆ ಪೂರ್ತಿ ಅಂಕಕ್ಕೆ ಹೊಡೆದರು. ಸೆಟ್ ಅಂಕ 5-5. ಇನ್ನು ಉಳಿದಿದ್ದು ಒಂದೊಂದೇ ಬಾಣ. ಅದೂ ಇಬ್ಬರದ್ದೂ ಹತ್ತೇ! ಕೊನೆಗೆ ಅಳತೆ ಹಿಡಿದು ನೋಡಬೇಕಾಯಿತು. ನಡುಬಿಂದುವಿನಿಂದ ಕಿಮ್ ಬಾಣ 55.8 ಮಿಲಿಮೀಟರ್, ಎಲಿಸನ್ ಬಾಣ 60.7. ಐದು ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ.

ಆದರೆ ಇಲ್ಲೊಂದು ವಿಷಯ ಇದೆ. ಗುರಿಯ ನಡುವೆ ಇರುವ ಹತ್ತು ಅಂಕದ ವೃತ್ತದ ಅಗಲವೇ 12.2 ಸೆಂಟಿಮೀಟರ್. ಅಂದರೆ ನಡುವಿನಿಂದ ಗೆರೆಗೆ 61 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ, ಇಬ್ಬರ ಬಾಣವೂ ನಟ್ಟನಡುವೆ ನೆಟ್ಟಿರಲಿಲ್ಲ, ಗೆರೆಯ ಪಕ್ಕದಲ್ಲಿ ಹೇಗೋ ಒಳಗೆ ಬಿದ್ದಿದ್ದವು. ಕೊರಿಯಾದವರು ಯಂತ್ರಗಳ ಹಾಗೆ ಅನ್ನುವವರಿಗೆ ನಾನು ತೋರಿಸುವುದು ಇದನ್ನೇ. ಕಿಮ್ ಕೈಯೂ ಅಲುಗುತ್ತದೆ.

ನನಗೆ ಕಿಮ್ ಇಷ್ಟವಾಗುವುದು ಗೆದ್ದ ವರ್ಷಕ್ಕಿಂತ ಜಾಸ್ತಿ, ಆಡಲೇ ಇಲ್ಲದ ವರ್ಷಕ್ಕಾಗಿ. 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ, ಆಗ ವಯಸ್ಸು 18. ಮರುವರ್ಷ ಟ್ಯೂರಿನ್‌ನಲ್ಲಿ ವಿಶ್ವ ಚಾಂಪಿಯನ್. ಅದರ ಮರುವರ್ಷ ಲಂಡನ್ ಒಲಿಂಪಿಕ್ಸ್. ಆಯ್ಕೆ ಟ್ರಯಲ್ಸ್‌ನಲ್ಲಿ ನಾಲ್ಕನೆಯವನಾದ. ಹೋಗುವವರು ಮೂವರು. ವಿಶ್ವ ಚಾಂಪಿಯನ್ ಮನೆಯಲ್ಲೇ ಉಳಿದ, ಅಷ್ಟೇ.

ನಮ್ಮಲ್ಲಾಗಿದ್ದರೆ? ಟಿವಿಯಲ್ಲಿ ಒಂದು ವಾರ ಚರ್ಚೆ ನಡೆದಿರುತ್ತಿತ್ತು. ಅಲ್ಲಿನ ಟ್ರಯಲ್ಸ್ ತಿಂಗಳುಗಟ್ಟಲೆ ನಡೆಯುತ್ತದೆ, ಸಾವಿರಾರು ಬಾಣ ಬಿಡಬೇಕು. ಹಳೇ ಪದಕಕ್ಕೆ ಅಲ್ಲಿ ಬೆಲೆ ಇಲ್ಲ. ರಿಯೋದಲ್ಲಿ ಎರಡೆರಡು ಚಿನ್ನ ಗೆದ್ದ ಕು ಬೊನ್‌ಚಾನ್, ಚಾಂಗ್ ಹೈಜಿನ್ ಇಬ್ಬರಿಗೂ ಟೋಕಿಯೋ ತಂಡದಲ್ಲಿ ಜಾಗ ಸಿಗಲಿಲ್ಲ. ಟೋಕಿಯೋದಲ್ಲಿ ಮೂರು ಚಿನ್ನ ಬಾಚಿಕೊಂಡ ಆನ್ ಸಾನ್ ಪ್ಯಾರಿಸ್‌ಗೆ ಹೋಗಲಿಲ್ಲ. ಕ್ರೂರ ಅನ್ನಿಸುತ್ತೆ, ಹೌದು. ನನಗೂ ಅನ್ನಿಸುತ್ತೆ. ಆದರೂ ಆ ದೇಶದ ಗುಟ್ಟು ಇದೇ ಅಂತ ನನ್ನ ನಂಬಿಕೆ. ಚಾಪ್‌ಸ್ಟಿಕ್‌ನಲ್ಲಿ ಊಟ ಮಾಡಿ ಬೆರಳು ಪಳಗಿದೆ ಅನ್ನೋದೆಲ್ಲ ಸುಮ್ನೆ ಕತೆ. ಚಾಪ್‌ಸ್ಟಿಕ್ ಹಿಡಿಯೋ ದೇಶ ಅದೊಂದೇನಾ?

ಕಿಮ್ ವಾಪಸ್ ಬಂದ. 2015ರಲ್ಲಿ ಮತ್ತೆ ವಿಶ್ವ ಚಾಂಪಿಯನ್. 2016ರ ರಿಯೋ ಅರ್ಹತಾ ಸುತ್ತಿನಲ್ಲಿ 72 ಬಾಣಕ್ಕೆ 700 ಅಂಕ, ವಿಶ್ವ ದಾಖಲೆ. ತಂಡದ ಚಿನ್ನವೂ ಬಂತು. ಅದಾದ ಮೇಲೆ ವೈಯಕ್ತಿಕ ವಿಭಾಗದ ಎರಡನೇ ಸುತ್ತಿನಲ್ಲೇ ಇಂಡೋನೇಷ್ಯಾದ ರಿಯಾವು ಎಗಾ ಅಗಾತಾ ಎದುರು ಸೋತು ಹೊರಬಿದ್ದ. ದಾಖಲೆ ಮಾಡಿದ ಕೆಲವೇ ದಿನಕ್ಕೆ! ಟೋಕಿಯೋದಲ್ಲಿ ಕ್ವಾರ್ಟರ್ ಫೈನಲ್‌ಗೇ ನಿಂತ.

ಇನ್ನು ಲೀ ವೂಸೋಕ್. 2018ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಕಿಮ್ ಎದುರು ನಿಂತಿದ್ದು ತನ್ನದೇ ತಂಡದ ಈ ಹುಡುಗ. ಆಗ ಅವನು ಸೇನೆಯಲ್ಲಿದ್ದ. ಚಿನ್ನ ಗೆದ್ದಿದ್ದರೆ ಕಡ್ಡಾಯ ಸೇವೆಯಿಂದ ಬಿಡುಗಡೆ ಸಿಗುತ್ತಿತ್ತು. ಕಿಮ್ ಕೊನೆಯ ಬಾಣವನ್ನು ಹತ್ತಕ್ಕೇ ಹೊಡೆದು ಗೆದ್ದ. ಪ್ಯಾರಿಸ್ ಸೆಮಿಫೈನಲ್‌ನಲ್ಲೂ ಮತ್ತೆ ಅವರಿಬ್ಬರೇ, ಅದೂ ಶೂಟ್‌ಆಫ್, ಅಂದರೆ ಸಮಬಲವಾದ ಮೇಲೆ ಒಂದೊಂದೇ ಬಾಣ. ಮತ್ತೆ ಕಿಮ್. ಬಿಟ್ಟುಕೊಟ್ಟಿದ್ದರೆ ಅದು ಲೀಗೇ ಅವಮಾನ, ಅಲ್ವಾ?

ಪ್ಯಾರಿಸ್‌ನಲ್ಲಿ ಮಿಶ್ರ ತಂಡದ ಸೆಮಿಫೈನಲ್‌ನಲ್ಲಿ ನಮ್ಮ ಧೀರಜ್ ಬೊಮ್ಮದೇವರ, ಅಂಕಿತಾ ಭಕತ್ ಕೂಡ ಕಿಮ್ ಜೋಡಿಗೇ ಸೋತರು. ನಾವೂ ಕೊರಿಯಾದಿಂದ ಬೇಕ್ ವೂಂಗ್‌ಕಿ ಅನ್ನೋ ಕೋಚ್‌ರನ್ನು ಕರೆಸಿದ್ದೆವು. ಪ್ಯಾರಿಸ್‌ಗೆ ಹೋದಾಗ ಅವರಿಗೆ ಒಳಗೆ ಹೋಗೋ ಮಾನ್ಯತೆಯೇ ಸಿಗದೆ ವಾಪಸ್ ಹೊರಟರು. ಇದರ ಬಗ್ಗೆ ಜಾಸ್ತಿ ಹೇಳಿದರೆ ಬಿಪಿ ಏರುತ್ತದೆ, ಬಿಡಿ.

ಪ್ಯಾರಿಸ್ ಮುಗಿಯುವ ಹೊತ್ತಿಗೆ ಕಿಮ್ ಬಳಿ ಐದು ಒಲಿಂಪಿಕ್ ಚಿನ್ನ. ದಕ್ಷಿಣ ಕೊರಿಯಾದಲ್ಲಿ ಅಷ್ಟು ಯಾರಿಗೂ ಇಲ್ಲ. 2028ರ ಲಾಸ್ ಏಂಜಲೀಸ್‌ಗೂ ಹೋಗುವ ಆಸೆ ಇದೆ ಎಂದಿದ್ದಾನೆ. ಆಗ ಅವನಿಗೆ 36. ಅದಕ್ಕೂ ಮೊದಲು ಶಾಲೆ ಮುಗಿಸಿ ಬಂದ ಹುಡುಗರ ಜೊತೆ ಅದೇ ಟ್ರಯಲ್ಸ್ ಸಾಲಿನಲ್ಲಿ ನಿಲ್ಲಬೇಕು. ಮತ್ತೆ ನಾಲ್ಕನೆಯವನಾದರೆ ಐದು ಚಿನ್ನ ಇದ್ದರೂ ಟಿಕೆಟ್ ಇಲ್ಲ.