ಅಪ್ರದಕ್ಷಿಣೆಯ ಅಪರಾಧಿಗಳು

ಬೆಂಗಳೂರಿನ ಇಂದಿರಾನಗರದ ಉದ್ಯಾನದ 2024ರ ಆ ಫಲಕವನ್ನು ನೀವೂ ನೋಡಿಯೇ ಇರುತ್ತೀರಿ. ಒಳಗೆ ಓಡುವಂತಿಲ್ಲ, ಅಪ್ರದಕ್ಷಿಣೆಯಾಗಿ ನಡೆಯುವಂತೆಯೂ ಇಲ್ಲ ಎಂದು ಬರೆದಿತ್ತು. ಫಲಕದ ಚಿತ್ರ ಮಾತ್ರ ಮೊಬೈಲಿನಿಂದ ಮೊಬೈಲಿಗೆ ನಿರಾತಂಕವಾಗಿ ಓಡಿತು. ಹಳೆಯ ಸುದ್ದಿ ಎನ್ನಬೇಡಿ. ನನ್ನ ಮಂಡಿನೋವೂ ಹಳೆಯದೇ, ಆದರೂ ಮೆಟ್ಟಿಲು ಇಳಿಯುವಾಗ ದಿನವೂ ಹೊಸದಾಗಿ ಬರುತ್ತದೆ.

ನಿಯಮ ಮಾಡಿದವರಿಗೆ ನನ್ನ ದೊಡ್ಡ ನಮಸ್ಕಾರ. ನಲವತ್ತೈದು ದಾಟಿದ ದೇಹಕ್ಕೆ ವ್ಯಾಯಾಮಕ್ಕಿಂತ ಪುಣ್ಯವೇ ಹೆಚ್ಚು ಬೇಕೆಂದು ಅವರಿಗೆ ತಿಳಿದಿದೆ. ಈ ಜ್ಞಾನ ಕ್ರೀಡಾಲೋಕಕ್ಕೆ ಇನ್ನೂ ತಲುಪಿಲ್ಲ. ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ನೋಡಿ: ಓಟಗಾರರೆಲ್ಲ ಮೈದಾನವನ್ನು ಎಡಕ್ಕಿಟ್ಟುಕೊಂಡು ಓಡುತ್ತಾರೆ. ಶುದ್ಧ ಅಪ್ರದಕ್ಷಿಣೆ! 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಪ್ರದಕ್ಷಿಣೆಯಾಗಿಯೇ ಓಡಿಸಿದ್ದರಂತೆ, ಆಮೇಲೆ ಜಗತ್ತು ಕೆಟ್ಟಿತು. ನಮ್ಮಲ್ಲಿ ಅಪ್ರದಕ್ಷಿಣೆ ಪಿತೃಕಾರ್ಯಕ್ಕೆ ಮೀಸಲು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 200 ಮೀಟರನ್ನು 19.19 ಸೆಕೆಂಡಿನಲ್ಲಿ ಮುಗಿಸಿದಾಗ ಯಾರ ಶ್ರಾದ್ಧಕ್ಕೆ ಹೊತ್ತು ಮೀರಿತ್ತೋ!

ನನ್ನ ಅಜ್ಜಿ ಅರಳಿಕಟ್ಟೆಗೆ 108 ಸುತ್ತು ಹಾಕುತ್ತಿದ್ದರು, ಎಂಬತ್ತರಲ್ಲೂ ಮಂಡಿ ಗಟ್ಟಿಯಿತ್ತು. ಪ್ರದಕ್ಷಿಣೆಯ ಮಹಿಮೆ ಎಂದು ಮನೆಯವರೆಲ್ಲ ನಂಬಿದ್ದರು. ಅವರು ರಾಗಿ ಬೀಸುತ್ತಿದ್ದದ್ದು, ಬಾವಿಯಿಂದ ನೀರು ಸೇದುತ್ತಿದ್ದದ್ದು, ನೆಲದ ಮೇಲೆ ಕುಳಿತು ಕೈ ಊರದೆ ಏಳುತ್ತಿದ್ದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆಯ ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುತ್ತಿರುವುದು ಇದನ್ನೇ. ಮೂವತ್ತು ದಾಟಿದ ಮೇಲೆ ಸ್ನಾಯು ಕರಗುತ್ತಾ ಹೋಗುತ್ತದೆ, ಹೊಟ್ಟೆ ಆ ಖಾಲಿ ಜಾಗವನ್ನು ಪ್ರಾಮಾಣಿಕವಾಗಿ ತುಂಬಿಕೊಡುತ್ತದೆ. ನಮ್ಮ ಬಡಾವಣೆಯ ಉದ್ಯಾನದಲ್ಲೂ ಭಾರ ಎಳೆಯುವ ಯಂತ್ರವೊಂದಿದೆ. ಉದ್ಘಾಟಿಸಿದವರ ಹೆಸರು ಇನ್ನೂ ಹೊಳೆಯುತ್ತಿದೆ, ಹಿಡಿ ತುಕ್ಕು ಹಿಡಿದಿದೆ.

ಹಾಗಾಗಿ ಎಲ್ಲರೂ ಹೆಜ್ಜೆ ಎಣಿಸುತ್ತೇವೆ. “ಎಷ್ಟಾಯಿತು ಸಾರ್?” ಎಂಬುದು ಈಗ ನಮ್ಮ ಕುಶಲೋಪರಿ. ದಿನಕ್ಕೆ ಹತ್ತು ಸಾವಿರ ಎಂಬ ಪವಿತ್ರ ಸಂಖ್ಯೆ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂತು. ವೇದವಾಕ್ಯವಲ್ಲ, ಅಂಗಡಿಯ ಬೋರ್ಡು. ಆದರೂ 9,940 ತೋರಿಸಿದರೆ ರಾತ್ರಿ ಹನ್ನೊಂದಕ್ಕೆ ನಡುಮನೆಯಲ್ಲಿ ಸೋಫಾಕ್ಕೆ ಪ್ರದಕ್ಷಿಣೆ ಹಾಕುವ ಗೃಹಸ್ಥ ನಾನೇ.

ಈ ವಯಸ್ಸಿನಲ್ಲಿ ವ್ಯಾಯಾಮದಷ್ಟೇ ವಿಶ್ರಾಂತಿಯೂ ಮುಖ್ಯ ಎಂದರು ನನ್ನ ಫಿಸಿಯೋಥೆರಪಿಸ್ಟ್. ಒಂದು ದಿನ ಭಾರ ಎತ್ತಿದರೆ ಮರುದಿನ ಆ ಸ್ನಾಯುವಿಗೆ ರಜೆ ಕೊಡಿ, ಏಳು ಗಂಟೆ ನಿದ್ದೆ ಮಾಡಿ, ಇಪ್ಪತ್ತೈದರ ಹುಮ್ಮಸ್ಸಿನಲ್ಲಿ ಒಂದೇ ಸಲ ಓಡಬೇಡಿ. ಸಂತೋಷ. ಆದರೆ ವಾರಕ್ಕೆ 70 ಗಂಟೆ ದುಡಿಯಿರಿ ಎಂದು ಒಬ್ಬ ಉದ್ಯಮಿ, 90 ಎಂದು ಇನ್ನೊಬ್ಬರು. ಇಬ್ಬರ ಮಾತನ್ನೂ ನಡೆಸಿ ಹೆಬ್ಬಾಳದ ವಾಹನಸಾಲಿನಲ್ಲೂ ಕುಳಿತು ಮನೆ ಸೇರುವವನಿಗೆ ಏಳು ಗಂಟೆ ನಿದ್ದೆಯನ್ನು ಯಾರು ಕೊಡುತ್ತಾರೆ?

ತಮಾಷೆ ಇಲ್ಲಿಗೆ ಸಾಕು. 2021ರಲ್ಲಿ ಪುನೀತ್ ಹೋದಾಗ ಜಿಮ್ಮಿಗೆ ಹೋಗುವುದೇ ಅಪಾಯವೆಂದು ಹೆದರಿದೆವು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತೆವು. ಸರ್ಕಾರ ಸಮಿತಿ ಮಾಡಿತು. ಮಾಡಲಿ. ಆದರೆ ಮನೆಯಿಂದ ಉದ್ಯಾನದವರೆಗೆ ಬೈಕು, ಕಸ, ತೆರೆದ ಚರಂಡಿಯಿಲ್ಲದ ನೂರು ಅಡಿ ಪಾದಚಾರಿ ಮಾರ್ಗ ನಮಗಿಲ್ಲ. ಕಾಲು ಮುರಿಯದೆ ಗೇಟು ಮುಟ್ಟಿದವನಿಗೆ ಬಲಕ್ಕೆ ತಿರುಗಬೇಡ ಎನ್ನುತ್ತೀರಿ. ಬೇಸರವಾಗಿದೆ ಸ್ವಾಮಿ, ನಿಜವಾಗಿ ಬೇಸರವಾಗಿದೆ.

ಮಂಡಿಗೆ ಒಳ್ಳೆಯದೆಂದು ದಿನಕ್ಕೆ ಐವತ್ತು ಹೆಜ್ಜೆ ಹಿಮ್ಮುಖವಾಗಿ ನಡೆಯಲು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ನಮ್ಮ ಉದ್ಯಾನದಲ್ಲಿ ಫಲಕವಿಲ್ಲ, ಆದರೆ ದಿಕ್ಕು ಕಾಯುವ ಹಿರಿಯರಿದ್ದಾರೆ, ಅವರ ಮಾತು ನಡೆಸುವ ಕಾವಲುಗಾರರಿದ್ದಾರೆ. ನಿನ್ನೆ ಶುರು ಮಾಡಿದೆ. ಮುಖ ಅಪ್ರದಕ್ಷಿಣೆಗೆ, ಕಾಲು ಪ್ರದಕ್ಷಿಣೆಗೆ. ಸಿಳ್ಳೆ ಊದಲು ಬಂದ ಕಾವಲುಗಾರರು ನನ್ನ ಮುಖ ನೋಡಿದರು, ಕಾಲು ನೋಡಿದರು, ಸಿಳ್ಳೆಯನ್ನು ಬಾಯಿಂದ ತೆಗೆದರು.

“ಸಾರ್, ನೀವು ಬರುತ್ತಿದ್ದೀರೋ, ಹೋಗುತ್ತಿದ್ದೀರೋ?”