ಗೇಟು ದಾಟಬೇಕಾದ ಕುದುರೆಗಳು

ನಮ್ಮ ಎರಡೂವರೆ ಎಕರೆಗೆ ಒಂದು ಟ್ರ್ಯಾಕ್ಟರ್ ತಗೋಬೇಕು ಅಂತ ಬಾಯಿ ಬಿಟ್ಟಿದ್ದೇ ತಡ, ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಎಚ್‌ಪಿ?" ಅಳಿಯನ ಸಂಬಳ ವಿಚಾರಿಸಿದ ಹಾಗೆ. 20 ಅಂದರೆ ಮುಖ ಸಪ್ಪಗಾಗುತ್ತದೆ. 50 ಅಂದರೆ ಕುರ್ಚಿ ಎಳೆದು ಕೂರಿಸುತ್ತಾರೆ.

ಈ ಎಚ್‌ಪಿ, ಅಂದರೆ ಹಾರ್ಸ್‌ಪವರ್ ಲೆಕ್ಕ ಬಳಕೆಗೆ ತಂದದ್ದು ಜೇಮ್ಸ್ ವಾಟ್. ಅವನಿಗೆ ಉಗಿ ಯಂತ್ರ ಮಾರಬೇಕಿತ್ತು, ಕೊಳ್ಳುವವರಿಗೆ ಗೊತ್ತಿದ್ದದ್ದು ಕುದುರೆ. ಅದಕ್ಕೇ ನನ್ನ ಯಂತ್ರ ಇಷ್ಟು ಕುದುರೆಗೆ ಸಮ ಅಂತ ಲೆಕ್ಕ ಕೊಟ್ಟ. ಅಂದರೆ ಇದು ಹುಟ್ಟಿದ್ದೇ ಮಾರಾಟಕ್ಕೆ, ಈಗಲೂ ಅದೇ ಕೆಲಸ ಮಾಡುತ್ತಿದೆ ಅಲ್ವಾ? ಬಾನೆಟ್ ಮೇಲೆ ಬರೆಯುವುದು ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿ. ಮಣ್ಣು ಪುಡಿ ಮಾಡುವ ರೋಟವೇಟರನ್ನು ತಿರುಗಿಸುವ ಪಿಟಿಒಗೆ, ಅಂದರೆ ಉಪಕರಣಗಳಿಗೆ ಶಕ್ತಿ ಕೊಡುವ ಟ್ರ್ಯಾಕ್ಟರಿನ ಹಿಂಬದಿಯ ತಿರುಗುವ ದಂಡಕ್ಕೆ, ಬರುವ ಹೊತ್ತಿಗೆ ಅದರಲ್ಲಿ ಒಂದಿಷ್ಟು ದಾರಿಯಲ್ಲೇ ಸೋರಿರುತ್ತದೆ. ಹಾಗಾಗಿ ಕೇಳುವುದೇ ಆದರೆ ಪಿಟಿಒ ಎಚ್‌ಪಿ ಕೇಳಬೇಕು.

ನಾನು ಮಾತ್ರ ಟೇಪು ಹಿಡಿದು ಹೊಲ ಸುತ್ತಿದೆ. ಗೇಟು ಅಳೆದೆ, ಶೆಡ್ಡಿನ ಬಾಗಿಲು ಅಳೆದೆ, ಮರದ ಸಾಲುಗಳ ನಡುವಿನ ಜಾಗ ಅಳೆದೆ. ಕೊನೆಗೆ ನನಗೆ ದಿಗಿಲು ಹುಟ್ಟಿಸಿದ್ದು ಹೊಲದ ತುದಿ. 50 ಮೀಟರ್ ಉದ್ದದ ಪಟ್ಟಿಯಲ್ಲಿ ಗಾಡಿ ತಿರುಗಿಸಲು ಆ ಕಡೆ 4, ಈ ಕಡೆ 4 ಮೀಟರ್ ಬಿಟ್ಟರೆ ಹೆಚ್ಚುಕಡಿಮೆ ಆರನೇ ಒಂದು ಪಾಲು ಜಾಗ ಬರೀ ಹಿಂದೆ ಮುಂದೆ ಮಾಡುವುದಕ್ಕೇ ಹೋಯಿತು! ಇನ್ನು ರೋಟವೇಟರ್ ಹಿಂದಿನ ಚಕ್ರಗಳ ಹೊರ ಅಂಚಿಗಿಂತ ಕಿರಿದಾಗಿದ್ದರೆ ಹದ ಮಾಡಿದ ಮಣ್ಣಿನ ಮೇಲೆ ಚಕ್ರದ ಗುರುತು ಉಳಿಯುತ್ತದೆ, ಅದಕ್ಕೆ ದೊಡ್ಡ ಟ್ರ್ಯಾಕ್ಟರಿಗೆ ದೊಡ್ಡ ರೋಟವೇಟರ್, ಅದನ್ನಿಡಲು ದೊಡ್ಡ ಶೆಡ್ಡು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಭಾರದ್ದು ಬೇರೆಯೇ ಕತೆ. ಒದ್ದೆ ಮಣ್ಣಿನ ಮೇಲೆ ಭಾರದ ಗಾಡಿ ಓಡಿಸಿದರೆ ನೇಗಿಲು ಮುಟ್ಟದಷ್ಟು ಆಳದಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಬೇರು ಇಳಿಯುವುದಿಲ್ಲ, ನೀರೂ ಇಳಿಯುವುದಿಲ್ಲ. ಆಮೇಲೆ ಅದನ್ನು ಒಡೆಯಲು ಜಾಸ್ತಿ ಎಚ್‌ಪಿ ಬೇಕು.

ಹಾಗಂತ ಸಣ್ಣದೇ ಸರಿ ಅಂತ ನಾನು ವಾದ ಮಾಡುವುದಿಲ್ಲ. ತುಂಬಿದ ಟ್ರೈಲರನ್ನು ಹಗುರ ಟ್ರ್ಯಾಕ್ಟರ್ ಹೇಗೋ ಎಳೆದುಬಿಡುತ್ತದೆ, ಕಷ್ಟ ಇರುವುದು ಇಳಿಜಾರಿನಲ್ಲಿ ನಿಲ್ಲಿಸುವುದರಲ್ಲಿ. ಹಿಂದಿನಿಂದ ಭಾರ ನೂಕುವಾಗ ಎಂಜಿನ್ ಎಷ್ಟು ದೊಡ್ಡದಿದ್ದರೇನು, ಬೇಕಾಗುವುದು ಟ್ರ್ಯಾಕ್ಟರಿನ ತೂಕ ಮತ್ತು ಒಳ್ಳೆ ಬ್ರೇಕು. ಹಿಂದೆ ಭಾರದ ಉಪಕರಣ ಎತ್ತಿದರೆ ಮುಂದಿನ ಚಕ್ರಗಳು ನೆಲ ಬಿಡುವುದೂ ಉಂಟು, ಅದಕ್ಕೇ ಮೂತಿಗೆ ಕಬ್ಬಿಣದ ತೂಕ ಕಟ್ಟುವುದು.

ನಮ್ಮಲ್ಲಿ ಇಳಿಜಾರಿಲ್ಲ. ವರ್ಷವಿಡೀ ಇರುವ ಕೆಲಸ ಹುಲ್ಲು ಕತ್ತರಿಸುವುದು, ಔಷಧಿ ಹೊಡೆಯುವುದು, ಗೊಬ್ಬರ ಸಾಗಿಸುವುದು, ಮೇಲ್ಮೇಲೆ ಮಣ್ಣು ಕೆದಕುವುದು. ಆಳದ ಉಳುಮೆ ಅಪರೂಪಕ್ಕೊಮ್ಮೆ, ಅವತ್ತು ದೊಡ್ಡದನ್ನು ಬಾಡಿಗೆಗೆ ತಂದರಾಯಿತು. ಆ ಒಂದು ದಿನಕ್ಕೋಸ್ಕರ ವರ್ಷವೆಲ್ಲ ಆನೆ ಸಾಕುವುದು ಯಾಕೆ? 24 ಎಚ್‌ಪಿಯದ್ದು ತಂದೆವು. ಗೇಟಿನಲ್ಲಿ ಸಲೀಸಾಗಿ ಒಳಗೆ ಬಂತು, ಶೆಡ್ಡಿನಲ್ಲಿ ಕೂತಿತು, ಸಾಲಿನ ತುದಿಯಲ್ಲಿ ಒಂದೇ ಸಲಕ್ಕೆ ತಿರುಗಿತು. ಎರಡು ದಿನ ನನ್ನ ಮೀಸೆ ಇಳಿಯಲೇ ಇಲ್ಲ.

ಮೂರನೇ ದಿನ ಟ್ರೈಲರ್ ಬಂತು. ಅದನ್ನು ಮಾತ್ರ ಅಳೆದಿರಲಿಲ್ಲ. ಗೇಟಿನ ಎಡಗಂಬದ ಮೇಲೆ ಈಗಲೂ ಅದರ ನೀಲಿ ಬಣ್ಣ ಅಂಟಿಕೊಂಡಿದೆ.